ನೂರು ನಗು, ಮೂರು ಖಾನೆ

'ಹಾಸ್ಯ ಸಂಶೋಧನೆಗೆ ಸಹಾಯಕರು ಬೇಕಾಗಿದ್ದಾರೆ' ಎಂಬ ಜಾಹೀರಾತು ನೋಡಿ, ಹನ್ನೆರಡು ಜೋಕು ಬಾಯಿಪಾಠ ಮಾಡಿಕೊಂಡು ಸಂದರ್ಶನಕ್ಕೆ ಹೋದವನು ನಾನು. ಜೋಕು ಹೇಳುವುದೇ ಕೆಲಸವೆಂದು ಯಾರೂ ಹೇಳಿರಲಿಲ್ಲ, ನನ್ನ ಬುದ್ಧಿಯೇ ಹೇಳಿತ್ತು. ಮೂರನೆಯದು ಮುಗಿದಾಗ ಪ್ರೊಫೆಸರರು ಕನ್ನಡಕ ಒರೆಸಿಕೊಳ್ಳುತ್ತ, "ಮೊದಲಿನ ಎರಡು ಮೇಲರಿಮೆ, ಇದು ಅಸಂಗತ. ಸೋಮವಾರದಿಂದ ಬನ್ನಿ" ಎಂದರು. ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದ ಹೆಂಗಸೊಬ್ಬರು ಮಾತ್ರ ಕಿಸಕ್ಕೆಂದರು. ನಾನು ಹಿಗ್ಗಿ ಅತ್ತ ತಿರುಗಿದೆ.

"ನಿನಗಲ್ಲಪ್ಪ, ಟೇಪಿಗೆ" ಎಂದರು.

ಇಡೀ ವಿಭಾಗ ಅವರನ್ನು 'ಕಿವಿ ಅಕ್ಕ' ಎನ್ನುತ್ತಿತ್ತು. ನಾವಿಬ್ಬರೂ ಮಾಡಬೇಕಾದದ್ದು ಒಂದೇ ಕೆಲಸ. ಜನರ ಗುಂಪಿಗೆ ಹಾಸ್ಯಕಥೆ ಓದಿ ಹೇಳಿ, ಅವರು ನಕ್ಕದ್ದನ್ನು ಧ್ವನಿಮುದ್ರಿಸಿರುತ್ತಾರೆ. ಆ ನಗು ಕೇಳಿ ಮೂರು ಖಾನೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇನ್ನೊಬ್ಬ ಜಾರಿ ಬಿದ್ದನೆಂದು ನಕ್ಕರೆ ಮೇಲರಿಮೆ. ಅಂದುಕೊಂಡದ್ದೊಂದು ಆದದ್ದೊಂದು ಎಂದು ನಕ್ಕರೆ ಅಸಂಗತ. ಬಿಗಿಹಿಡಿದ ಉಸಿರು ಸಡಿಲಿ ನಕ್ಕರೆ ನಿರಾಳ. ಸಾಹಿತ್ಯ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮೂರೂ ವಿಭಾಗ ಸೇರಿ ನಡೆಸುವ ಯೋಜನೆ ಇದು. ಮೂರೂ ಸೇರಿ ನನ್ನ ಕುರ್ಚಿಯ ಮುರಿದ ಕಾಲೊಂದನ್ನು ಸರಿಮಾಡಿಸಲು ಆಗಿರಲಿಲ್ಲ.

ಅಕ್ಕ ಹತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಂತ್ರ ಬಂತು, ಕುರ್ಚಿ ಹೋಯಿತು. ಆಮೇಲೆ ಆಸ್ಪತ್ರೆಯೊಂದರ ವಿಚಾರಣೆ ಕೌಂಟರು. ಅಲ್ಲಿಗೂ ಯಂತ್ರ ಬಂತು. ಹೀಗಾಗಿ ಇಲ್ಲಿ ಅವರು ಮೇಜಿನ ಡ್ರಾಯರಿನಲ್ಲಿ ಏನನ್ನೂ ಇಡುತ್ತಿರಲಿಲ್ಲ. ಬಾಚಣಿಗೆ, ಊಟದ ಡಬ್ಬಿ, ತಲೆನೋವಿನ ಮಾತ್ರೆ, ಎಲ್ಲ ಚೀಲದಲ್ಲೇ.

"ಡ್ರಾಯರ್ ತುಂಬಿಸಿದ್ರೆ ಖಾಲಿ ಮಾಡೋವಾಗ ಹೊಟ್ಟೆ ಉರಿಯುತ್ತೆ ಕಣೋ ತಮ್ಮಾ."

ಮನೆಯಲ್ಲಿ ಮಗಳು ಟಿವಿ ನೋಡಿ ನಕ್ಕರೂ ಅಕ್ಕನ ಬೆರಳು ಗಾಳಿಯಲ್ಲಿ ಗುರುತು ಹಾಕುತ್ತಿತ್ತಂತೆ. "ಅಮ್ಮಾ, ನನ್ನ ನಗು ನನಗೆ ಬಿಟ್ಟುಬಿಡು" ಎಂದು ಅವಳು ಬಾಗಿಲು ಹಾಕಿಕೊಂಡಳಂತೆ. ಆ ನಗು ಯಾವ ಖಾನೆಯದು ಎಂದು ಕೇಳಿದೆ. "ಟಿವಿಯಲ್ಲಿ ಹುಡುಗ ಬಂದಿದ್ದ. ಅದಕ್ಕೆ ಖಾನೆ ಬೇಕಾ?" ಎಂದರು.

ತೊಂದರೆ ಎಂದರೆ ನಮ್ಮಿಬ್ಬರ ಗುರುತುಗಳು ತಾಳೆಯಾಗಬೇಕಿತ್ತು. ನೂರು ನಗುವಿಗೆ ಎಂಬತ್ತಾದರೂ ಒಂದೇ ಖಾನೆಗೆ ಬೀಳಬೇಕು, ಇಲ್ಲದಿದ್ದರೆ ಸಂಶೋಧನೆಗೆ ಬೆಲೆಯಿಲ್ಲ. ಅಕ್ಕನಿಗೆ ಹೆಚ್ಚಿನವು ನಿರಾಳವಾಗಿ ಕೇಳುತ್ತಿದ್ದವು. ನನಗೆ ಹೆಚ್ಚಿನವು ಮೇಲರಿಮೆ, ಬಹುಶಃ ಜನ ಹೆಚ್ಚಾಗಿ ನನ್ನನ್ನೇ ನೋಡಿ ನಕ್ಕಿದ್ದರಿಂದ. ಅರವತ್ತೆರಡರ ಮೇಲೆ ನಾವು ಏರಲೇ ಇಲ್ಲ.

ಒಂದು ದಿನ ಪ್ರೊಫೆಸರರು ಹೊಸ ಟೇಪು ತಂದಿಟ್ಟರು. "ಕೊನೆಯ ನೂರು. ಈ ಸಲವೂ ಎಂಬತ್ತು ಬರದಿದ್ದರೆ ಯೋಜನೆ ಮುಚ್ಚುತ್ತಾರೆ. ನೀವಿಬ್ಬರೂ ಮಾತಾಡಿಕೊಳ್ಳಬಾರದು." ನಮ್ಮ ಮೇಜುಗಳ ನಡುವೆ ಕಬ್ಬಿಣದ ಬೀರು ಎಳೆಸಿದರು.

ನಾಲ್ಕು ದಿನ ಬೀರುವಿನ ಆಚೆಯಿಂದ ಅಕ್ಕನ ಕೆಮ್ಮಷ್ಟೇ ಕೇಳಿತು. ಊಟಕ್ಕೂ ಬೇರೆ ಬೇರೆ ಹೊತ್ತಿನಲ್ಲಿ ಎದ್ದೆವು. ಅವರು ಮಾತ್ರೆಯ ಹಾಳೆ ಒಡೆಯುವ ಸದ್ದು ಬಂದಾಗಲೆಲ್ಲ ಗುರುತು ಹಾಕುತ್ತಿದ್ದ ನನ್ನ ಕೈ ನಿಲ್ಲುತ್ತಿತ್ತು. ನನಗೇನು, ಇಪ್ಪತ್ತಾರು ವರ್ಷ, ಇನ್ನೊಂದು ಕಡೆ ಇನ್ನೂ ಹನ್ನೆರಡು ಜೋಕು ಹೇಳಿಯೇನು. ನಲವತ್ತೆಂಟರ ಅಕ್ಕನನ್ನು ಮತ್ತೆ ಯಾರು ಕರೆಯುತ್ತಾರೆ? ಎರಡನೆಯ ದಿನ ನಿರ್ಧರಿಸಿ, ಮೊದಲಿನಿಂದ ಎಲ್ಲ ಅಳಿಸಿದೆ. ಮೇಲರಿಮೆ ಎಂದು ಕೇಳಿಸಿದ ಕಡೆಯೆಲ್ಲ ಅಕ್ಕ ಹಾಕುವ ಹಾಗೆ ನಿರಾಳಕ್ಕೆ ಗುರುತು ಹಾಕಿದೆ. ಇಷ್ಟು ಬುದ್ಧಿ ಪರೀಕ್ಷೆಯಲ್ಲಿ ಓಡಿಸಿದ್ದರೆ ನಾನು ಈ ಮೂರು ಕಾಲಿನ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ.

ಐದನೆಯ ದಿನ ಪ್ರೊಫೆಸರರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಹಿಡಿದು ಎಣಿಸಿದರು. ಅಕ್ಕನ ಚೀಲ ಹೆಗಲಿನಲ್ಲೇ ಇತ್ತು.

"ಮೂವತ್ತೊಂದು" ಎಂದರು.

ಹಾಳೆಗಳನ್ನು ಅಕ್ಕನತ್ತ ತಿರುಗಿಸಿದರು.

"ಇದೇನ್ರೀ? ಇವನ ಹಾಳೆ ತುಂಬ ನಿರಾಳ, ನಿಮ್ಮ ಹಾಳೆ ತುಂಬ ಮೇಲರಿಮೆ. ಹೆಸರು ಅದಲುಬದಲು ಬರೆದಿದ್ದೀರಾ?"

"ಇಲ್ಲ ಸಾರ್" ಎಂದೆ. "ನಾನು... ಅಕ್ಕ ಹೇಗೆ ಹಾಕ್ತಾರೋ ಹಾಗೆ ಹಾಕಿದೆ."

ಅಕ್ಕ ಗಕ್ಕನೆ ನನ್ನ ಕಡೆ ತಿರುಗಿದರು. "ಲೋ ಕತ್ತೆ! ನಾನು ನಿನ್ನ ಹಾಗೆ ಹಾಕಿದ್ನಲ್ಲೋ!"

ಒಂದು ಕ್ಷಣ ಅವರಿಗೆ ನಗು ಬಂತು. ಬಂದದ್ದು ಅರ್ಧದಲ್ಲೇ ನಿಂತಿತು. ಪ್ರೊಫೆಸರರು ನಗಲಿಲ್ಲ. ಹಾಳೆಗಳನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದರು:

"ಇಷ್ಟು ವರ್ಷದ ಅನುಭವ ನಿಮ್ಮದು. ನಿಮ್ಮ ಕಿವಿ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಕಿವಿ ಮೇಲೆ ಇದೆ ಸಾರ್" ಎಂದರು ಅಕ್ಕ. "ಕೆಲಸದ ಮೇಲೆ ಇಲ್ಲ. ನಾಳೆ ಬರಬೇಕೋ ಬೇಡವೋ, ಮೊದಲು ಅದನ್ನ ಹೇಳಿ."