ಅಕ್ಕ ಹಾಕಿದ ಟಿಕ್ಕು

ನಮ್ಮಕ್ಕ ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿ ಕೂತು ಹನ್ನೊಂದು ವರ್ಷ ಆಯ್ತು. ಗಾಜಿನ ಕಿಂಡಿಯ ಈಚೆ ಅವಳು, ಆಚೆ ಬಸುರಿ ಹೆಂಗಸರ ಸಾಲು. ಹೆಸರು, ವಯಸ್ಸು, ಎಷ್ಟನೇ ತಿಂಗಳು, ಫೋನ್ ನಂಬರು. ನಿಮಿಷಕ್ಕೊಬ್ಬರನ್ನ ಒಳಗೆ ಕಳಿಸ್ತಾಳೆ. ಅವಳು ರಜ ಹಾಕಿದ ದಿನ ಸಾಲು ಮೆಟ್ಟಿಲವರೆಗೂ ಬೆಳೆಯುತ್ತಂತೆ, ಡಾಕ್ಟರಿಗೆ ತಲೆ ಚಿಟ್ಟು ಹಿಡಿಯುತ್ತಂತೆ. ಮನೇಲೂ ಅವಳದ್ದು ಅದೇ ಓಟ. ಅಮ್ಮ ಹೋದ ಮೇಲೆ ನನ್ನ ಸಾಕಿದೋಳು ಅವಳೇ, ಹಾಗಾಗಿ ನನ್ನ ಕೇಳಿ ಏನನ್ನೂ ಮಾಡಿದೋಳಲ್ಲ. ನಾನು ಓದಿದ ಕಾಲೇಜು ಅವಳೇ ಆರಿಸಿದ್ಲು, ನನ್ನ ಹೊಲಿಗೆ ಅಂಗಡಿಯ ಗೋಡೆಗೆ ಬಣ್ಣಾನೂ ಅವಳೇ ಆರಿಸಿದ್ಲು. ದರಿದ್ರ ಹಸಿರು.

ನಾನು ಬಸುರಿಯಾದಾಗಲೂ ಹಾಗೇ. ಸಾಲಲ್ಲಿ ನಿಲ್ಲೋಕೆ ಬಿಡಲಿಲ್ಲ. ನನ್ನ ವಿವರ ಎಲ್ಲಾ ತಾನೇ ತುಂಬಿ, "ನೀ ಒಳಗೆ ಹೋಗಿ ಮಲಕ್ಕೋ, ಉಳಿದಿದ್ದು ನಾನ್ ನೋಡ್ಕೋತೀನಿ" ಅಂದ್ಲು. ಐದನೇ ತಿಂಗಳಲ್ಲಿ ಮಗು ಹೋಯ್ತು. ಅದರ ಬಗ್ಗೆ ಜಾಸ್ತಿ ಹೇಳೋಕೆ ನನ್ನ ಕೈಲಾಗಲ್ಲ.

ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನ ಫೋನು ಟಿಣ್ ಅಂತು. "ಅಮ್ಮಾ, ನಿಮ್ಮ ಮಗುವಿಗೆ ಈಗ ನಿಮ್ಮ ದನಿ ಕೇಳಿಸುತ್ತೆ, ಮಾತಾಡಿಸಿ!" ಕೆಳಗೆ ಡೈಪರಿನ ಜಾಹೀರಾತು. ಮೈಯೆಲ್ಲಾ ಉರಿದುಹೋಯ್ತು. ಅಳಿಸಿದೆ. ಮಾರನೇ ವಾರ ತೊಟ್ಟಿಲು, ಆಮೇಲೆ ಹಾಲಿನ ಪುಡಿ, ಆಮೇಲೆ ಮಗುವಿನ ಹೆಸರಲ್ಲಿ ವಿಮೆ. ಒಂದು ನಂಬರು ಬ್ಲಾಕ್ ಮಾಡಿದ್ರೆ ಇನ್ನೊಂದರಿಂದ. ನಮ್ಮ ಯಜಮಾನರು "ನಂಬರೇ ಬದಲಾಯಿಸಿಬಿಡು" ಅಂದ್ರು. ಹೇಳೋಕೇನು, ಸುಲಭ. ಅಂಗಡಿ ಬೋರ್ಡಿನ ಮೇಲಿರೋ ನಂಬರು ಅದು, ಗಿರಾಕಿಗಳೆಲ್ಲಾ ಅದಕ್ಕೇ ಮಾಡೋದು. ತಪ್ಪು ಮಾಡಿದೋರು ಯಾರೋ, ಅನುಭವಿಸೋಳು ನಾನಾ? ನನಗೆ ಬೇಕಾಗಿದ್ದು ಒಂದೇ ಒಂದು. ದಿನ ತುಂಬೋ ತಾರೀಖು ಬರೋದ್ರೊಳಗೆ ಇದು ನಿಲ್ಲಬೇಕು. ಆ ದಿನವೂ ಟಿಣ್ ಅಂದ್ರೆ ನಾನು ತಡ್ಕೊಳ್ಳೋಳಲ್ಲ.

ಅಕ್ಕನ ಹತ್ರ ಹೇಳ್ಕೊಂಡು ಅತ್ತೆ. "ಯಾವ ಕಳ್ಳ ನನ್ಮಗ ಕೊಟ್ಟ ನಂಬರು? ಸಿಗಲಿ, ಸಿಗಿದು ತೋರಣ ಕಟ್ತೀನಿ!" ಅಂತ ಎರಡು ದಿನ ಹಾರಾಡಿದ್ಲು. ಮೂರನೇ ದಿನ ಕೆಲಸದಿಂದ ಬಂದೋಳು ಚಪ್ಪಲಿನೂ ಬಿಚ್ಚದೆ ಬಾಗಿಲಲ್ಲೇ ಕೂತ್ಲು.

"ನಾನೇ ಕಣೇ" ಅಂದ್ಲು.

ಅವರ ಕಂಪ್ಯೂಟರಿನಲ್ಲಿ ಪುಟದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆಯಂತೆ: ಈ ವಿವರಗಳನ್ನು ಬೇರೆ ಸಂಸ್ಥೆಗಳಿಗೆ ಕೊಡಲು ನನ್ನ ಒಪ್ಪಿಗೆ ಇದೆ. ಪಕ್ಕದಲ್ಲೊಂದು ಪುಟ್ಟ ಚೌಕ. ಬಂದವರಿಗೆ ಓದಿ ಹೇಳಿ, ಒಪ್ಪಿದ್ರೆ ಮಾತ್ರ ಟಿಕ್ ಹಾಕ್ಬೇಕು. ಓದಿದ್ರೆ "ಅದೇನು, ಯಾಕೆ" ಅಂತ ಐದು ನಿಮಿಷ ಹಾಳು, ಹಿಂದಿನವರ ಗೊಣಗಾಟ ಬೇರೆ. ಅದಕ್ಕೆ ನಮ್ಮಕ್ಕ ಯಾರನ್ನೂ ಕೇಳದೆ ಎಲ್ಲರಿಗೂ ಟಿಕ್ ಹಾಕ್ತಾ ಬಂದಿದಾಳೆ. ನನಗೂ ಹಾಕಿದ್ಲು.

"ಇನ್ನೂ ಎಷ್ಟು ಜನಕ್ಕೆ ಹೀಗೆ ಮಾಡಿದೀಯ?"

"ಯಾರಿಗೆ ಗೊತ್ತು, ಎಲ್ಲರಿಗೂ."

"ಎಲ್ಲರ ಪರವಾಗಿ ಒಪ್ಕೊಳ್ಳೋಕೆ ನೀನ್ಯಾರಕ್ಕಾ?" ಅಂತ ಕಿರುಚಿದೆ. ಅವಳ ಮೇಲೆ ಅಷ್ಟು ಜೋರಾಗಿ ಜನ್ಮದಲ್ಲಿ ರೇಗಿರಲಿಲ್ಲ.

ಮಾರನೇ ದಿನವೇ ಅಕ್ಕ ನನ್ನ ಟಿಕ್ ತೆಗೆದ್ಲು. ಏನು ಬಂತು? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ನಂಬರು ಕೊಟ್ರೂ ಅಷ್ಟೇ. ಡಾಕ್ಟರು "ಅದೆಲ್ಲಾ ಈ ಕಂಪ್ಯೂಟರ್ ಹಾಕಿಕೊಟ್ಟ ಕಂಪನಿಯವರದ್ದಮ್ಮ" ಅಂದ್ರು. ಕಂಪನಿಯವರು "ನಮಗೆ ಸೆಂಟರಿನಿಂದ ಬಂದಿದ್ದು" ಅಂದ್ರು. ಇಮೇಲ್ ಬರೆದ್ರೆ ಉತ್ತರ ಕೊಟ್ಟಿದ್ದು ಯಂತ್ರ: ನಿಮ್ಮ ಅನಿಸಿಕೆಗೆ ಧನ್ಯವಾದಗಳು. ಅನಿಸಿಕೆ ಅಂತೆ ಅನಿಸಿಕೆ! ಅಕ್ಕ ದಿನಾ ಮಧ್ಯಾಹ್ನ ಊಟ ಬಿಟ್ಟು ನನ್ನ ಅಂಗಡಿಗೆ ಬಂದು, ಅಂಥ ಕರೆ ಬಂದ್ರೆ ತಾನೇ ಎತ್ತೋಕೆ ಅಂತ ಹೊಲಿಗೆ ಮೆಷಿನ್ನಿನ ಪಕ್ಕ ನನ್ನ ಫೋನು ಹಿಡ್ಕೊಂಡು ಕೂರೋಳು.

ದಿನ ತುಂಬೋಕೆ ಇನ್ನೊಂದು ವಾರ ಇತ್ತು. ಫೋನ್ ಬಂತು, ಯಾರೋ ಚಿಕ್ಕ ಹುಡುಗಿ ದನಿ. ಹಾಲಿನ ಪುಡಿಯವರು. ಅಕ್ಕ ಸ್ಪೀಕರಿಗೆ ಹಾಕಿ, ಕೋಪ ನುಂಗಿಕೊಂಡು, "ನಮ್ಮ ಹೆಸರು ತೆಗೆದುಬಿಡಮ್ಮ, ಪುಣ್ಯ ಬರುತ್ತೆ" ಅಂದ್ಲು.

"ತೆಗೆಯೋ ಬಟನ್ ನನ್ನ ಹತ್ರ ಇಲ್ಲ ಮೇಡಂ. ಮಗು ಹುಟ್ಟಿದೆ ಅಂತ ಹಾಕಿದ್ರೆ ಈ ಪಟ್ಟಿಯಿಂದ ಹೋಗುತ್ತೆ. ಹುಟ್ಟಿದ ತಾರೀಖು ಹೇಳ್ತೀರಾ?"

ಅಕ್ಕ ಫೋನಿಗೆ ಕೈ ಅಡ್ಡ ಇಟ್ಟು ನನ್ನ ಮುಖ ನೋಡಿದ್ಲು. "ಏನ್ ಮಾಡ್ಲೇ? ಹಾಕಿಸ್ಲಾ?" ಅಂದ್ಲು. ಅವಳು ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು.

"ಬೇಡ" ಅಂದೆ. ಇಲ್ಲದ ಮಗೂಗೆ ಸುಳ್ಳು ತಾರೀಖು ಬೇರೆ ಬೇಕಾ? ಫೋನು ಕಿತ್ಕೊಂಡೆ. "ನೋಡಮ್ಮ, ನನ್ನ ಮಗು ಐದನೇ ತಿಂಗಳಲ್ಲೇ ಹೋಯ್ತು. ಹಾಗಂತಾನೇ ಬರ್ಕೋ."

ಆ ಕಡೆ ಕೀಬೋರ್ಡು ಒಂದೆರಡು ಸಲ ಟಕಟಕ ಅಂತು, ನಿಂತುಹೋಯ್ತು.

"ಇಲ್ಲಿ ಎರಡೇ ಇದೆ ಅಕ್ಕಾ" ಅಂದ್ಲು ಹುಡುಗಿ, ದನಿ ತಗ್ಗಿಸಿ. "ಹುಟ್ಟಿದೆ, ಇಲ್ಲಾಂದ್ರೆ ಇನ್ನೂ ಹುಟ್ಟಬೇಕು. ನೀವು ಹೇಳಿದ್ದನ್ನ ಬರ್ಕೊಳ್ಳೋಕೆ ಜಾಗಾನೇ ಇಲ್ಲ."