ತುಂಗಕ್ಕ ಒಪ್ಪಿಕೊಂಡ ಆಣೆ

ಮದ್ರಾಸಿನ ಟಿ. ನಗರದ ಜವಳಿ ಅಂಗಡಿಗಳ ಗದ್ದಲ ದಾಟಿ ಒಳಬೀದಿಗೆ ತಿರುಗಿದರೆ, ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಕನ್ನಡ ಸಂಘವಿದೆ. ಅಲ್ಲಿಯ ಪುಸ್ತಕದ ಕೋಣೆ ನೋಡಿಕೊಳ್ಳುವವಳು ತುಂಗಾ. ಐವತ್ತು ದಾಟಿದ, ಉಡುಪಿ ಕಡೆಯ ಹೆಂಗಸು, ಸದಸ್ಯರಿಗೆಲ್ಲ ತುಂಗಕ್ಕ. ಕನ್ನಡ ಉಳಿಯಬೇಕೆಂದು ಮೇಜು ಗುದ್ದಿ ಮಾತಾಡುವವರಿಗೆ ಆ ಸಂಘದಲ್ಲಿ ಕೊರತೆಯಿರಲಿಲ್ಲ, ಪುಸ್ತಕ ಕೇಳಿಕೊಂಡು ಬರುವವರಿಗೆ ಮಾತ್ರ ಬರ. ಹಾಗಾಗಿ ತುಂಗಾ ಧೂಳು ಹೊಡೆದು ಮುಗಿಸಿ, ಉಳಿದ ಹೊತ್ತೆಲ್ಲ ತಾನೇ ಓದುತ್ತ ಕೂರುತ್ತಿದ್ದಳು.

ಈ ಕೆಲಸ ಕೊಡಿಸಿದ್ದು ಕೃಷ್ಣರಾಜರು. ನುಂಗಂಬಾಕ್ಕಂನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಅವರು ತುಂಗಾಳ ಊರ ಕಡೆಯವರೇ, ಸಂಘದ ಉಪಾಧ್ಯಕ್ಷರು ಕೂಡ. ತುಂಗಾಳ ಗಂಡ ಜಯಪ್ರಕಾಶ ಅವರ ಹೋಟೆಲಿನಲ್ಲೇ ಅಡುಗೆ ಭಟ್ಟನಾಗಿದ್ದ. ಮೂರು ವರ್ಷದ ಹಿಂದೆ, ನವರಾತ್ರಿಯ ಒಂದು ಬೆಳಿಗ್ಗೆ, ಇಡ್ಲಿ ಬೇಯಿಸುವ ಹಬೆಯ ಬಾಯ್ಲರ್ ಸಿಡಿದು ಅವನು ಸತ್ತ. ಸತ್ತ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆಸ್ಪತ್ರೆಯಲ್ಲಿ ಅವನು ಬೆಂದ ಮೈಯಲ್ಲಿ ನರಳಿದ್ದನ್ನು ಕಂಡವರಿಗೆ ಆ ಮಾತು ಏನೇನೂ ಸಾಲದು.

ಆ ಬಾಯ್ಲರಿನ ವಾಲ್ವು ಕೆಟ್ಟಿದೆಯೆಂದು ಅವನು ಮನೆಯಲ್ಲಿ ಗೊಣಗುತ್ತಲೇ ಇದ್ದ. "ಧಣಿಗಳಿಗೆ ಹೇಳಿ ಮಾರಾಯ್ರೆ" ಎಂದು ತುಂಗಾ ದಿನಾ ಅವನ ತಲೆ ತಿನ್ನುತ್ತಿದ್ದಳು. ಕೊನೆಗೊಂದು ದಿನ ಊಟಕ್ಕೆ ಕೂತವನು, "ಹೇಳಿದೆ. ನವರಾತ್ರಿ ಕಳೀಲಿ, ಆಮೇಲೆ ನೋಡುವ ಅಂದ್ರು" ಎಂದ. ಅದರ ಮರುದಿನವೇ ಬಾಯ್ಲರು ಸಿಡಿಯಿತು.

ಪೊಲೀಸರಿಗೆ ಇದನ್ನು ಹೇಳಬೇಕೆಂದು ಮಗಳು ಪ್ರಣಮ್ಯಾ ಹಟ ಹಿಡಿದಳು. ತುಂಗಾಳೂ ಸಿದ್ಧಳಾಗಿದ್ದಳು. ಅಷ್ಟರಲ್ಲಿ, ಸೂತಕ ಕಳೆದು ದೇವರ ಮುಂದೆ ದೀಪ ಹಚ್ಚಿದ ದಿನ, ಕೃಷ್ಣರಾಜರು ಮನೆಗೆ ಬಂದರು. ಕಣ್ಣೀರು ಹಾಕಿದರು. "ನನಗೆ ಯಾರೂ ಹೇಳ್ಲಿಲ್ಲ ತುಂಗಾ. ಗೊತ್ತಿದ್ರೆ ಒಲೆ ಹಚ್ಚಲಿಕ್ಕೆ ಬಿಡ್ತಿದ್ನಾ? ನಂಬಿಕೆ ಇಲ್ಲ ಅಂತಾದ್ರೆ ಹೇಳು, ಆಣೆ ಹಾಕ್ತೇನೆ."

ಇಲ್ಲೇ ತುಂಗಾ ಎಡವಿದ್ದು. ಬೇರೆ ಯಾರಾದರೂ ಆಗಿದ್ದರೆ, ಆಣೆಯ ಮಾತು ಆಮೇಲೆ, ಮೊದಲು ಸ್ಟೇಷನ್ನಿಗೆ ಬನ್ನಿ ಅನ್ನುತ್ತಿದ್ದರು. ಅವಳು ಹುಟ್ಟಿ ಬೆಳೆದ ಕಡೆ ಗದ್ದೆಯ ಜಗಳದಿಂದ ಹಿಡಿದು ಕಳ್ಳತನದವರೆಗೆ ಎಲ್ಲವೂ ದೇವರೆದುರಿನ ಆಣೆಯಲ್ಲಿ ತೀರುತ್ತಿದ್ದವು. "ಹಾಕಿ" ಎಂದುಬಿಟ್ಟಳು. ಕೃಷ್ಣರಾಜರು ಕೈಕಾಲು ತೊಳೆದು ಬಂದು, ದೀಪದ ಕಂಬ ಮುಟ್ಟಿ, ತನಗೆ ಯಾರೂ ಹೇಳಿರಲಿಲ್ಲವೆಂದು ಪ್ರಮಾಣ ಮಾಡಿದರು. ಆಣೆ ಕೇಳಿ ಹಾಕಿಸಿಕೊಂಡವರು ಮತ್ತೆ ಆ ಮಾತು ಎತ್ತಬಾರದು, ಎತ್ತಿದರೆ ದೋಷ ಅವರ ಮಕ್ಕಳ ತಲೆಗೆ. ಇದು ಆ ಕಡೆಯ ಕ್ರಮ.

ತುಂಗಾ ಎತ್ತಲಿಲ್ಲ. ವಿಚಾರಣೆಗೆ ಬಂದವರಿಗೆ ತನ್ನ ದೂರು ಏನೂ ಇಲ್ಲವೆಂದಳು. ಅಡುಗೆಯವನ ಅಜಾಗರೂಕತೆ ಎಂದು ಬರೆದುಕೊಂಡು ಅವರು ಹೋದರು. ದೀಪ ಮುಟ್ಟಿ ಯಾರೂ ಸುಳ್ಳು ಹೇಳಲಾರರು ಎಂದಾದರೆ ಸುಳ್ಳು ಹೇಳಿದವನು ಇನ್ನೊಬ್ಬನೇ ಇರಬೇಕು. ಅವಳು ಆ ಲೆಕ್ಕವನ್ನೂ ಹಾಕಿ ಮುಗಿಸಿದ್ದಳು. "ನನ್ನ ಬಾಯಿ ಮುಚ್ಚಿಸ್ಲಿಕ್ಕೆ ಅಪ್ಪ 'ಧಣಿಗಳಿಗೆ ಹೇಳಿದೆ' ಅಂದಿರ್ಬೇಕು" ಎಂದಳು ಮಗಳಿಗೆ. ಪ್ರಣಮ್ಯಾ ಅವಳ ಮುಖವನ್ನೇ ನೋಡಿದಳು. ಅಂದಿನಿಂದ ಆ ಮನೆಯಲ್ಲಿ ಊಟ, ಕೆಲಸ, ಕರೆಂಟು ಹೋದದ್ದು, ನೀರು ಬಂದದ್ದು ಬಿಟ್ಟು ಬೇರೆ ಮಾತಿಲ್ಲ.

ಹೀಗಿರುವಾಗ ಸಂಘಕ್ಕೆ ಕೋರ್ಟಿನ ಕತೆಯ ಒಂದು ಕಾದಂಬರಿ ಬಂತು. ದೇವಸ್ಥಾನದ ಅರ್ಚಕನ ಕೊಲೆ, ಆರೋಪಿ ಅಲ್ಲಿಯ ಮೊಕ್ತೇಸರ. ಅವನು ಗರ್ಭಗುಡಿಯ ದೀಪ ಮುಟ್ಟಿ ಸುಳ್ಳು ಆಣೆ ಹಾಕುತ್ತಾನೆ, ಅರ್ಚಕನ ಹೆಂಡತಿ ನಂಬುತ್ತಾಳೆ. ಆಮೇಲೆ ಒಬ್ಬ ವಕೀಲೆ ಪುಟಪುಟಕ್ಕೂ ಸಾಕ್ಷಿ ಹೆಕ್ಕಿ ತೆಗೆಯುತ್ತಾಳೆ. ಕೊನೆಗೆ ನ್ಯಾಯಾಧೀಶರು ತೀರ್ಪು ಓದಲು ಬಾಯಿ ತೆರೆಯುವಷ್ಟರಲ್ಲಿ, ದೀಪ ಮುಟ್ಟಿದ ಮೊಕ್ತೇಸರನ ಕೈ ಕಟಕಟೆಯಲ್ಲೇ ಸ್ವಾಧೀನ ತಪ್ಪಿ ಬಿದ್ದುಹೋಗುತ್ತದೆ. ಎಂದೂ ಪುಸ್ತಕ ಮುಟ್ಟದವರೂ 'ದೀಪದ ಪುಸ್ತಕ ಬಂತಾ ತುಂಗಕ್ಕ' ಎಂದು ಮೆಟ್ಟಿಲು ಹತ್ತಿ ಬರತೊಡಗಿದರು.

ತುಂಗಾ ಕೂಡ ಓದಿದಳು. ಆಣೆಯ ಅಧ್ಯಾಯಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು, ಮತ್ತೆ ತೆರೆದಳು. ಕೊನೆಯ ಅಧ್ಯಾಯ ಓದಿದ ಮೇಲೆ ಅವಳಿಗೆ ಒಂದು ಬಗೆಯ ಸಮಾಧಾನವೂ ಆಯಿತು. ಕೃಷ್ಣರಾಜರ ಕೈ ಗಟ್ಟಿಯಾಗಿಯೇ ಇತ್ತು, ಕೋಯಂಬೇಡಿನ ಹತ್ತಿರ ಇನ್ನೊಂದು ಹೋಟೆಲನ್ನೂ ತೆರೆದಿದ್ದರು. ಅಂದ ಮೇಲೆ ಅವರು ಹೇಳಿದ್ದು ಸತ್ಯವೇ, ತಾನು ನಂಬಿದ್ದು ಸರಿಯೇ. ಹಾಗೆಂದುಕೊಂಡ ಮರುಕ್ಷಣವೇ, ಹಾಗಾದರೆ ತನ್ನ ಗಂಡನೇ ಸುಳ್ಳುಗಾರ ಎಂಬುದೂ ನೆನಪಾಗುತ್ತಿತ್ತು.

ಭಾನುವಾರ ಸಂಜೆ ಸಂಘದಲ್ಲಿ ಆ ಕಾದಂಬರಿಯ ಚರ್ಚೆ ಏರ್ಪಾಡಾಯಿತು. ಕಾರ್ಯದರ್ಶಿ ಸುಶಮೀಂದ್ರರದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಮನೆತನ. "ಎಲ್ಲರೂ ಕೊಂಜ ಶಾರ್ಟಾಗಿ ಹೇಳ್ಬಿಡಿ, ಆಮೇಲೆ ಟಿಫನ್ ಇದೆ" ಎಂದು ಅವರು ತಮಿಳು ಬೆರೆತ ಕನ್ನಡದಲ್ಲಿ ಶುರುಮಾಡಿದರು. ಟಿಫನ್ ಕೃಷ್ಣರಾಜರ ಹೋಟೆಲಿನದು. ಆದ್ದರಿಂದ ಕುರ್ಚಿಗಳೂ ತುಂಬಿದ್ದವು.

ಮುದುಕಿ ಭೀಮಾಬಾಯಿ ಮೊದಲು ಎದ್ದರು. ದೀಪ ಮುಟ್ಟಿ ಸುಳ್ಳು ಹೇಳುವುದನ್ನು ಬರೆಯುವುದೇ ಪಾಪ, ಇಂಥ ಪುಸ್ತಕ ಮನೆಯೊಳಗೆ ತರಬಾರದು ಎಂದರು. ಅವರೇ ಅದನ್ನು ಎರಡು ಸಲ ಮನೆಗೆ ಒಯ್ದಿದ್ದು ತುಂಗಾಳಿಗೆ ಗೊತ್ತಿತ್ತು. "ಆದ್ರೂ ಕೊನೇದು ಚೆನ್ನಾಗಿದೆ ಅನ್ನಿ. ಕೋರ್ಟು ಬಿಟ್ರೂ ಮೇಲಿರೋನು ಬಿಡ್ತಾನೇನ್ರೀ?"

ವಕೀಲ ಶ್ರೀಕಾಂತ್‌ಗೆ ರೇಗಿತು. "ಜಡ್ಜ್ ತೀರ್ಪು ಓದೋಕ್ ಮುಂಚೆ ದೇವರೇ ಬಂದು ಕೈ ಬೀಳ್ಸಿದ್ರೆ ನಾವು ವಕೀಲ್ರು ಎದುಕ್ಕು, ಯಾಕಿರ್ಬೇಕು? ಮುನ್ನೂರು ಪೇಜ್ ಸಾಕ್ಷಿ ಎಲ್ಲಾ ವೇಸ್ಟ್! ಆ ಹೆಂಗ್ಸು ಮೊದ್ಲೇ ಆಣೆ ನಂಬದೆ ಕಂಪ್ಲೇಂಟ್ ಕೊಟ್ಟಿದ್ರೆ ಕತೇನೇ ಬೇಡ. ಅವಳದ್ದೇ ತಪ್ಪು."

"ಅಯ್ಯೋ, ಗಂಡ ಸತ್ತೋಳು ಪಾಪ" ಎಂದರು ಕೆಲವರು. "ದಡ್ಡಿ" ಎಂದರು ಇನ್ನು ಕೆಲವರು. ಸಭೆ ಎರಡು ಹೋಳಾಗಿ, ಒಬ್ಬರ ಮಾತು ಒಬ್ಬರಿಗೆ ಕೇಳದಂತಾಯಿತು. ಪುಸ್ತಕದ ಕಪಾಟಿಗೆ ಒರಗಿ ನಿಂತಿದ್ದ ತುಂಗಾಳಿಗೆ ಅವರೆಲ್ಲ ತನ್ನ ಮನೆಯ ನಡುಕೋಣೆಯಲ್ಲಿ ನಿಂತು ಕಿತ್ತಾಡುತ್ತಿದ್ದಾರೆ ಅನ್ನಿಸಿತು.

ಕೊನೆಗೆ ಕೃಷ್ಣರಾಜರು ಎದ್ದರು. ಮಾತಿನ ಚಟ ಅವರಿಗೂ ಇತ್ತು.

"ನೋಡಿ, ಬರೆದವನಿಗೆ ನಮ್ಮ ಕಡೆಯ ಕ್ರಮ ಗೊತ್ತಿಲ್ಲ. ದೇವರು ಅಂದ್ರೆ ಕೈ ಮುರೀಲಿಕ್ಕೆ ಕೂತವನಾ? ಮನುಷ್ಯ ಕಷ್ಟಕ್ಕೆ ಸಿಕ್ಕಿದಾಗ ಒಂದು ಸುಳ್ಳು ಆಣೆ ಬಂದುಹೋಗ್ತದೆ. ಹತ್ತಿಪ್ಪತ್ತು ಜನರ ಅನ್ನ ಹೋಗ್ತದೆ ಅಂತಾದ್ರೆ ಎಂತ ಮಾಡುದು? ಆಮೇಲೆ ಊರಿಗೆ ಹೋಗಿ ಅಡ್ಡಬಿದ್ದು ತಪ್ಪುಕಾಣಿಕೆ ಹಾಕಿದ್ರೆ ಅವನು ಬಿಟ್ಟುಬಿಡ್ತಾನೆ. ನಾನೇ ಹಾಕಿದವ. ನೋಡಿ, ನನ್ನ ಕೈ ಸರಿಯಾಗಿಯೇ ಉಂಟಲ್ಲ!"

ಅವರು ಕೈ ಎತ್ತಿ ಬೀಸಿದರು. ಸಭೆ ಗೊಳ್ಳೆಂದು ನಕ್ಕಿತು.

"ಧಣಿ" ಎಂದಳು ತುಂಗಾ. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. "ನೀವು ಯಾವ ಆಣೆಗೆ ಕಾಣಿಕೆ ಹಾಕಿದ್ದು?"

ಕೃಷ್ಣರಾಜರ ಕೈ ಇಳಿಯಿತು. ಅವಳು ಅಲ್ಲಿರುವುದೇ ಅವರಿಗೆ ಮರೆತುಹೋಗಿತ್ತು. ಕಪಾಟಿನಂತೆ, ಕುರ್ಚಿಯಂತೆ ಅವಳೂ ಅಲ್ಲಿ ಯಾವಾಗಲೂ ಇರುವವಳು. ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು: "ಅದು ತೀರಿದ ಮಾತಲ್ವಾ ತುಂಗಾ? ಆಣೆ ಆದ ಮೇಲೆ ಎತ್ಲಿಕ್ಕಿಲ್ಲ. ನಿನಗೆ ಮಗಳು ಇದ್ದಾಳೆ."

"ಅವರು ನಿಮಗೆ ಹೇಳಿದ್ರು. ವಾಲ್ವಿನ ವಿಷಯ."

ಕೃಷ್ಣರಾಜರು ಇಲ್ಲವೆನ್ನಲಿಲ್ಲ. "ಇಡ್ಲಿ ತಣಿತದೆ, ಎಲ್ಲ ಏಳಿ" ಎಂದರು.

ಏನು ನಡೆಯಿತೆಂದು ಕೆಲವರಿಗೆ ಅರ್ಥವಾಯಿತು, ಕೆಲವರಿಗೆ ಆಗಲಿಲ್ಲ. ಅರ್ಥವಾದವರೇ ಮೊದಲು ಎದ್ದು ತಟ್ಟೆ ಹಿಡಿದರು. ಅವಳದ್ದೇ ತಪ್ಪು ಎಂದಿದ್ದ ಶ್ರೀಕಾಂತ್ ಒಮ್ಮೆ ತುಂಗಾಳ ಕಡೆ ತಿರುಗಿ, ಏನೋ ಹೇಳಲು ಹೊರಟು, ಚಟ್ನಿಯ ಕಡೆ ಹೋದ. ಸುಶಮೀಂದ್ರರು ಗಂಟಲು ಸರಿಮಾಡಿಕೊಂಡು, ಕೃತಿಯ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯ ಇರುವುದು ಆರೋಗ್ಯಕರ ಎಂದು ವಂದನೆ ಹೇಳಿ ಮುಗಿಸಿದರು.

ತುಂಗಾ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು. ಅಷ್ಟು ವರ್ಷ ಜೊತೆಗೆ ಬಾಳಿದ ಗಂಡಸು ಒಂದು ದಿನವೂ ತನಗೆ ಸುಳ್ಳು ಹೇಳಿದ್ದಿಲ್ಲ ಎಂಬುದು ಅವಳಿಗೆ ದಾರಿಯಲ್ಲಿ ನೆನಪಾಗುತ್ತ ಹೋಯಿತು. ನೆನಪಿಸಿಕೊಳ್ಳಬೇಕಾಗಿದ್ದ ಆ ಆಣೆಯ ದಿನ ಮಾತ್ರ ಅದು ನೆನಪಾಗಿರಲಿಲ್ಲ. ಸಿಟ್ಟು ಬಂತು. ಕೃಷ್ಣರಾಜರ ಮೇಲೆ ಅಷ್ಟಿಷ್ಟು, ತನ್ನ ಮೇಲೆಯೇ ಹೆಚ್ಚು.

ಪ್ರಣಮ್ಯಾ ಬಟ್ಟೆ ಮಡಚುತ್ತಿದ್ದಳು. ತುಂಗಾ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು: "ಅಪ್ಪ ಸುಳ್ಳು ಹೇಳಿರ್ಲಿಲ್ಲ ಪ್ರಣಮ್ಯಾ. ಧಣಿಗಳಿಗೆ ಹೇಳಿದ್ರು. ಇವತ್ತು ಗೊತ್ತಾಯ್ತು."

ಮಗಳು ಅಳುತ್ತಾಳೆ, ಬಂದು ತಬ್ಬಿಕೊಳ್ಳುತ್ತಾಳೆ ಎಂದು ತುಂಗಾ ಎಣಿಸಿದ್ದಳೋ ಏನೋ. ಪ್ರಣಮ್ಯಾ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು.

"ನಂಗೆ ತೆರಿಯುಂ ಅಮ್ಮ. ಅವತ್ತೇ ಗೊತ್ತಿತ್ತು" ಎಂದಳು. "ಅಂಕಲ್ ಹೇಳಿದ್ದು ನಂಬಕ್ಕೆ ನೀನು ದೀಪ ಮುಟ್ಟಿಸಿದೆ, ಸರಿ. ಅಪ್ಪ ಹೇಳಿದ್ದನ್ನ ದೀಪ ಇಲ್ದೇನೇ, ಅಪ್ಪ ಹೇಳಿದ್ದು ಅಂತಾನೇ ನಂಬಬಹುದಿತ್ತಲ್ಲ?"

ತುಂಗಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇನ್ನೊಂದು ಬಟ್ಟೆ ತೆಗೆದುಕೊಂಡು ಮಡಚಲು ಬಗ್ಗಿದಾಗ, ಮಗಳು ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.