ದರ್ಜಿಯ ಬಲಗಾಲು

ದರ್ಜಿಯ ಬಲಗಾಲು ಅವನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹೊಲಿಗೆ ಯಂತ್ರ ತುಳಿದೂ ತುಳಿದೂ ಅದು ನಿದ್ದೆಯಲ್ಲೂ ತುಳಿಯುತ್ತಿತ್ತು. ಅವನು ತುಳಿದದ್ದನ್ನೆಲ್ಲ ದಾರಿಯಾಗಿ ಹಾಸಿದ್ದರೆ ಚಂದ್ರನವರೆಗೆ ಹೋಗಿ, ಅಲ್ಲಿಯವರ ಅಳತೆ ತೆಗೆದುಕೊಂಡು ವಾಪಸು ಬರಬಹುದಿತ್ತು. ಇದೆಲ್ಲ ಚೆನ್ನಾಗಿ ಗೊತ್ತಿದ್ದದ್ದು ಪಕ್ಕದಲ್ಲಿ ಮಲಗಿ ಒದೆ ತಿಂದ ಹೆಂಡತಿಗೆ. ಅಂಗಡಿಯಲ್ಲಿ ಗುಂಡಿ, ಕಾಜಾ ಅವಳ ಪಾಲು.

ಈಚೆಗೆ ಕಾಲು ಓಡಿದರೂ ಎದೆ ಓಡುತ್ತಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ಗಿರಾಕಿಯ ತೋಳಿನ ಅಳತೆ ಹಿಡಿದವನು ಟೇಪಿನ ಸಮೇತ ಕುಸಿದ. ಹೃದಯದಿಂದ ರಕ್ತ ಹೊರಹೋಗುವ ಬಾಗಿಲು ಸುಣ್ಣಗಟ್ಟಿ ಬಿಗಿದಿದೆ ಎಂದರು ಡಾಕ್ಟರಮ್ಮ. ಎದೆ ಕೊಯ್ಯುವುದಿಲ್ಲ, ತೊಡೆಸಂದಿಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಮಡಿಸಿದ ಹೊಸ ಕವಾಟವನ್ನು ಅಲ್ಲಿಯವರೆಗೆ ಒಯ್ದು, ಹಳೆಯದರೊಳಗೇ ಅರಳಿಸುತ್ತೇವೆ ಎಂದರು.

“ಹೊಲಿಗೆ ಬಿಚ್ಚದೆ ಒಳಗೆ ಅಸ್ತರು ಹಾಕ್ತಾರಂತಲ್ಲೇ!” ದರ್ಜಿ ಹೆಂಡತಿಯತ್ತ ತಿರುಗಿದ.

“ನೀವು ಇಡೀ ಕೋಟನ್ನ ತೋಳಿನ ಅಸ್ತರಿನ ಸೀಳಲ್ಲಿ ತೂರಿಸಿ ಮಗುಚಲ್ವಾ? ಸುಮ್ನೆ ಹೋಗಿ ಮಲಗ್ರಿ.”

“ಕೋಟು ಕೆಟ್ರೆ ಬೇರೆ ಹೊಲೀಬಹುದು ಕಣೇ.”

ಅವಳು ಅವನ ಅಂಗಿಯ ಮೇಲಿನ ಗುಂಡಿ ಹಾಕಿ ಕರೆದುಕೊಂಡು ಹೊರಟಳು.

ಆಸ್ಪತ್ರೆಯಲ್ಲಿ ಕೆಲಸ ಸಸೂತ್ರವಾಗಿ ಮುಗಿಯಿತು. ಆದರೆ ಕೊಳವೆ ಹೋದದ್ದು ಬಲತೊಡೆಯಲ್ಲಿ. “ಸಂಜೆವರೆಗೂ ಈ ಕಾಲು ಅಲ್ಲಾಡಬಾರದು. ತೂತು ಬಿಚ್ಕೊಂಡ್ರೆ ರಕ್ತ ನಿಲ್ಲಲ್ಲ,” ಎಂದಳು ನರ್ಸು.

ಮಧ್ಯಾಹ್ನ ಅವನಿಗೆ ಜೋಂಪು ಹತ್ತಿದ್ದೇ ತಡ, ಹೊದಿಕೆಯ ಕೆಳಗೆ ಪಾದ ಶುರುವಿಟ್ಟುಕೊಂಡಿತು. ಹೆಂಡತಿ ಮೊಣಕಾಲಿನ ಮೇಲೆ ಭಾರ ಹಾಕಿದಳು. ಕಾಲು ಅವಳನ್ನೇ ಎತ್ತೆತ್ತಿ ಕುಕ್ಕಿತು. ತೊಡೆಯ ಬಿಳಿ ಪಟ್ಟಿಯ ಮೇಲೆ ಕೆಂಪು ಚುಕ್ಕೆ ಮೂಡಿತು.

“ಅಜ್ಜಾ, ಕಾಲು!” ನರ್ಸು ಓಡಿಬಂದು ಪಟ್ಟಿಯನ್ನು ಒತ್ತಿ ಹಿಡಿದಳು.

“ಅವರಿಗ್ಯಾಕೆ ಹೇಳ್ತೀಯಮ್ಮಾ? ಅವರಿಗೂ ಆ ಕಾಲಿಗೂ ಮಾತುಕತೆ ಇಲ್ಲ!”

ಹಾಗೆಂದು ಹೆಂಡತಿ ಮೊಣಕಾಲನ್ನು ಇನ್ನೂ ಬಿಗಿಯಾಗಿ ಒತ್ತಿದಳು. ಚುಕ್ಕೆ ಗುಂಡಿಯಷ್ಟಾಯಿತು. ಅಂಗಡಿಯಲ್ಲಿ ಈ ಕಾಲನ್ನು ನಿಲ್ಲಿಸುತ್ತಿದ್ದದ್ದು ಏನು? ಊಟಕ್ಕೆ ಕರೆದರೆ ನಿಂತದ್ದಿಲ್ಲ, ಬೈದರಂತೂ ಇನ್ನೂ ಜೋರು. ಅವಳು ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು:

“ರೀ, ದಾರ ಕಿತ್ತೋಯ್ತು.”

ಕಾಲು ಗಕ್ಕನೆ ನಿಂತಿತು.

ಅವನ ಕಣ್ಣು ಮುಚ್ಚಿಯೇ ಇತ್ತು. ಬಲಗೈ ಮಾತ್ರ ಮೇಲೆದ್ದು, ಎರಡು ಬೆರಳಲ್ಲಿ ಇಲ್ಲದ ದಾರವನ್ನು ಹೊಸೆದು, ಗಾಳಿಯಲ್ಲಿ ಸೂಜಿಯ ಕಣ್ಣು ಹುಡುಕತೊಡಗಿತು. ಪೋಣಿಸಿಬಿಟ್ಟರೆ ಮತ್ತೆ ತುಳಿತ. ಅವಳು ಆ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಸೇರಿಸಿಕೊಂಡು, ಕುರ್ಚಿ ಎಳೆದು ಕುಳಿತಳು. ಮದುವೆಯ ಹೊಸತರಲ್ಲೂ ಅವನ ಕೈಯನ್ನು ಇಷ್ಟು ಹೊತ್ತು ಹಿಡಿದದ್ದಿಲ್ಲ. ಯಾವಾಗಲೂ ಆ ಕೈಯಲ್ಲಿ ಕತ್ತರಿಯಿರುತ್ತಿತ್ತು.

ಚುಕ್ಕೆ ಬೆಳೆಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನಿಗೆ ಎಚ್ಚರವಾಯಿತು.

“ದಾರ ಸಿಕ್ತೇನೇ?”

“ಸಿಕ್ತು. ನಿಧಾನಕ್ಕೆ ಪೋಣಿಸ್ತೀನಿ, ನೀವು ಮಲಗಿ.”